ನವಿಲುತೀರ್ಥ

ಕನ್ನಡ ನಾಡಿನಲ್ಲಿ ಮರಳುಗಾಡಿಲ್ಲ. ಆದರೆ ನೀರಿಗಾಗಿ ಮೃಗಪಕ್ಷಿಗಳು ಹರದಾರಿಗಟ್ಟಲೆ ಅಲೆಯುವ ನೆಲವು ಇಲ್ಲವೆನ್ನುವಂತಿಲ್ಲ. ಪ್ರಾಚೀನ ವೈದ್ಯಶಾಸ್ತ್ರಕಾರರು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿರುವರು. ನೀರು ವಿರಳವಾಗಿ, ಮರಗಳು ಗಿಡ್ಡವಾಗಿ, ಬಯಲು ವಿಶಾಲವಾಗಿ, ಜಿಂಕೆ ತಿತ್ತಿರಾದಿಗಳು ಸಮೃದ್ಧವಾಗಿರುವ ಭೂಮಿಯೇ ಜಾಂಗಲವು. ಈ ಶಬ್ದದಿಂದ ಹುಟ್ಟಿದ ‘ಜಂಗಲ್’ ಎಂಬುದು ಇಂದು ದಟ್ಟವಾದ ಅರಣ್ಯಕ್ಕೆ ಸಲ್ಲುತ್ತಿರುವುದು; ಶಬ್ದಗಳಿಗೂ ಒಮ್ಮೊಮ್ಮೆ ಇಂತಹ ದುರ್ಗತಿ ಒದಗುವುದುಂಟು. ಕೃಷ್ಣಸಾರಮೃಗವು ಸ್ವಭಾವತಃ ಸಂಚರಿಸುವ ನಾಡೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯು ಹೇಳುವುದನ್ನು ನೆನೆದರೆ, ಹಿಂದಿನವರು ಈ ಒಣನೆಲವನ್ನು ಹೀನವೆಂದು ಎಣಿಸಿರಲಿಲ್ಲವೆಂಬುದು ತಿಳಿಯುವುದು.

ಸವದತ್ತಿ, ಉಗರಗೋಳಗಳ ಸೀಮೆಯು ಇಂತಹ ಜಾಂಗಲಭೂಮಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಅಲ್ಲಿ ಸಹ್ಯಾದ್ರಿಯ ಮಳೆಯು ಧಾರಾಳ. ಪೂರ್ವಕ್ಕೆ ಇಳಿದಂತೆ ಮಳೆಯು ಕ್ಷೀಣಿಸಿ, ಕಲ್ಲುಗುಡ್ಡಗಳೂ ಎರೆಬಯಲೂ ಕಾಣತೊಡಗುವುವು. ಇಲ್ಲಿ ನೀರೇ ಊರುಗಳಿಗೆ ಹೆಸರು ಕೊಟ್ಟಿತು. ‘ಗೊಳ’ವೆಂಬುದು ‘ಕೊಳ’ದ ರೂಪವೆಂಬುದು ಬೆಳ್ಗೊಳದಲ್ಲಿ ಸ್ಪಷ್ಟವಾಗಿರುವುದು, ಉಗರಗೋಳವನ್ನೂ ಅದೇ ಸಾಲಿನಲ್ಲಿ ಇರಿಸಲು ಅಡ್ಡಿಯೇನೂ ತೋರದು. ಊರಿನ ಮೇಲಣ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ನೆರೆಯುವ ಲಕ್ಷಾಂತರ ಭಕ್ತರಿಗೂ ಜೋಗುಳಬಾವಿ, ಎಣ್ಣೆಹೊಂಡಗಳ ಸ್ನಾನವು ಯಾತ್ರೆಯ ಅಂಗವೇ ಆಗಿರುವುದು. ರೇಣುಕೆಯ ಕಥೆಯಾದರೂ ನೀರಿನ ಕಥೆಯೇ. ದಿನವೂ ಹೊಳೆಯ ಮರಳಿನಿಂದ ಹಸಿಗೊಡವನ್ನು ಮಾಡಿ, ಸರ್ಪವನ್ನೇ ಸಿಂಬೆಯಾಗಿ ಸುತ್ತಿ ಆಕೆಯು ನೀರು ತರುತ್ತಿದ್ದಳೆಂದು ಜನರು ಹೇಳುವರು. ಮನುಷ್ಯನೂ ವನಜಂತುವೂ ಒಂದೇ ನೀರಿಗೆ ಬರುವ ನಾಡಿನಲ್ಲಿಯೇ ಇಂತಹ ಕಥೆಯು ಹುಟ್ಟೀತು.

ಮುನವಳ್ಳಿಯ ಕಡೆಗೆ ಹರಿಯುವ ಮಲಪ್ರಭೆಗೆ ಸವದತ್ತಿಯ ಸಮೀಪದಲ್ಲಿ ಗಟ್ಟಿಯಾದ ಮರಳುಗಲ್ಲಿನ ಗುಡ್ಡವೊಂದು ಅಡ್ಡವಾಗುವುದು. ಹೊಳೆಯು ಸುತ್ತಿ ಹೋಗದೆ ಅದನ್ನೇ ಸೀಳಿಕೊಂಡು, ಇಕ್ಕಟ್ಟಾದ ಕಣಿವೆಯಲ್ಲಿ ಹಾಯ್ದಿರುವುದು. ಈ ಕಣಿವೆಯೇ ನವಿಲುತೀರ್ಥ. ಬಹುತೇಕ ತೀರ್ಥಗಳಿಗೆ ದೇವರ ಹೆಸರೋ ಋಷಿಯ ಹೆಸರೋ ಅಂಟಿರುವುದು. ಇಲ್ಲಿ ಮಾತ್ರ ಪಕ್ಷಿಯ ಹೆಸರು. ಕಾರಣವನ್ನು ಪುರಾಣದಲ್ಲಿ ಹುಡುಕುವ ಅಗತ್ಯವಿಲ್ಲ. ಹಗಲು ಬಯಲಿನಲ್ಲಿ ಕಾಳು, ಹುಳುಗಳನ್ನು ಮೇದು, ಬೆಳಗು ಬೈಗುಗಳಲ್ಲಿ ನೀರಿಗಿಳಿದು, ರಾತ್ರಿ ಎತ್ತರದ ಮರವನ್ನೇರುವುದು ನವಿಲಿನ ದಿನಚರಿ. ಬಯಲು, ಮಡು, ಮರ ಮೂರೂ ಒಂದೆಡೆ ದೊರೆತಲ್ಲಿ ಅದು ನೆಲಸುವುದು.

ನೀರಿಗೆ ಬರುವ ಕ್ರಮದಲ್ಲಿ ಎಲ್ಲ ಪ್ರಾಣಿಗಳೂ ಒಂದೇ ಬಗೆಯಲ್ಲ. ಚಿಂಕಾರವು ಎಲೆ, ಕಾಯಿ, ಇಬ್ಬನಿಗಳ ತೇವದಿಂದಲೇ ಬಹುಕಾಲ ಜೀವಿಸಬಲ್ಲುದು. ಪಾರಿವಾಳದ ಗಾತ್ರದ, ಕಲ್ಲುಬಣ್ಣದ ಕಲ್ಲುಗೌಜಲ ಹಕ್ಕಿಯ ರೀತಿಯೇ ಬೇರೆ: ಅದು ಒಣ ಬೀಜಗಳನ್ನೇ ತಿನ್ನುವುದರಿಂದ ನೀರಿಗೆ ಹಾರಿಬರದೆ ಗತಿಯಿಲ್ಲ. ಗಂಡುಹಕ್ಕಿಯು ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಹಾರಿಹೋಗಿ ಮರಿಗಳಿಗೆ ಅದನ್ನು ಉಣಿಸುವುದು. ಈ ಜಾತಿಯ ಹಕ್ಕಿಗಳ ಇಂತಹ ನಡತೆಯನ್ನು ಮೀಡ್-ವಾಲ್ಡೊ ಎಂಬ ಆಂಗ್ಲನು 1896ರಲ್ಲಿ ಬರೆದಾಗ ಪಂಡಿತರು ನಂಬಲಿಲ್ಲ. 1967ರಲ್ಲಿ ಪರೀಕ್ಷಿಸಿ ನೋಡಿದ ಮೇಲೆ ಒಪ್ಪಿದರು. ಹೊಟ್ಟೆಗರಿಯಲ್ಲಿ ನೀರು ಹೊರುವ ಹಕ್ಕಿಯನ್ನು ನೋಡಿದವರಿಗೆ ಹಸಿಗೊಡದ ಕಥೆಯು ಅಷ್ಟೇನೂ ಅಸಂಭಾವ್ಯವಾಗಿ ತೋರಲಿಕ್ಕಿಲ್ಲ.

ಸುಗಂಧವರ್ತಿಯ ರಟ್ಟರು ದತ್ತಿ ದಾನಗಳನ್ನು ಕಲ್ಲಿನಲ್ಲಿ ಬರೆಯಿಸಿದರು. ಈ ಮೃಗಪಕ್ಷಿಗಳ ವೃತ್ತಾಂತವನ್ನು ಬರೆಯಿಸಿದವರು ಯಾರು? ಇಲ್ಲಿ ವಾಚಕರಿಗೆ ಪರಿಚಿತವಾದ ಒಂದು ಹೆಸರು ಬರುವುದು. 1824ರ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆಯು ಮಡಿದಾಗ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಇಲಿಯಟ್ ಒಬ್ಬನು. ಆಗ ಅವನಿಗೆ 21 ವರ್ಷ. ಚೆನ್ನಮ್ಮರಾಣಿಯ ಬಂದಿಯಾಗಿದ್ದ ಈತನೇ ಬಿಡುಗಡೆಯ ತರುವಾಯ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿ, 1837ರಲ್ಲಿ ಅವುಗಳ ವಿಷಯವಾಗಿ ಲೇಖನವನ್ನು ಪ್ರಕಟಿಸಿದನು. 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದನು. ಪ್ರಾಣಿಗಳ ಕನ್ನಡ ಹೆಸರುಗಳನ್ನು ಅವನು ಬಿಡಲಿಲ್ಲ. ಪೊದೆಗಳಲ್ಲಿ ವಾಸಿಸುವ ಒಂದು ಇಲಿಗೆ ಶಾಸ್ತ್ರಜ್ಞರು ಅವನ ಹೆಸರನ್ನು ಸೇರಿಸಿ ‘ಗೊಲುಂಡ ಇಲಿಯೋಟಿ’ ಎಂದು ಕರೆದಿರುವರು. ರಟ್ಟರ ಶಿಲೆಗಳಂತಹವುಗಳನ್ನು ಓದಿಸಿದ ಕೈಯೇ ಹೊಲದ ಇಲಿಯ ಹೆಸರನ್ನೂ ಕೇಳಿ ಬರೆದುಕೊಂಡಿತು. ಇತಿಹಾಸವನ್ನು ಬರೆಯುವವರಲ್ಲಿ ಇಷ್ಟು ವಿಶಾಲವಾದ ಕುತೂಹಲವು ಅಪರೂಪ.

ಬಳಿಕ ಬಂದೂಕಗಳು ಹೆಚ್ಚಿದವು, ನೇಗಿಲು ಬಯಲನ್ನು ಮುರಿಯುತ್ತ ಹೋಯಿತು. ಅಂತಿಮವಾಗಿ ಕಣಿವೆಯೇ ಮಾರ್ಪಟ್ಟಿತು. ಹೊಳೆಯು ತಾನೇ ಕಡಿದುಕೊಂಡಿದ್ದ ಇಕ್ಕಟ್ಟು ದಾರಿಯು ಅಣೆಕಟ್ಟೆಗೆ ಒಪ್ಪುವ ಸ್ಥಳವಾಗಿತ್ತು. ಸುಮಾರು 154 ಮೀಟರು ಉದ್ದದ ಗೋಡೆಯೇ ಇಡೀ ನದಿಯನ್ನು ನಿಲ್ಲಿಸಲು ಸಾಕಾಯಿತು. 1972ರ ಸುಮಾರಿಗೆ ಅದು ಮುಗಿದು, ರೇಣುಕಾಸಾಗರದಲ್ಲಿ 37.73 ಶತಕೋಟಿ ಘನ ಅಡಿ ನೀರು ನಿಲ್ಲುವಂತಾಯಿತು. ದಂಡೆಯ ಹಳ್ಳಿಗಳು ತಮ್ಮ ಎರೆಹೊಲಗಳನ್ನು ನೀರಿಗೊಪ್ಪಿಸಿ ಮೇಲಕ್ಕೆ ಸರಿದವು. ಕಾಲುವೆಗಳು ನವಲಗುಂದ, ನರಗುಂದಗಳ ಬಯಲನ್ನು ಹಸಿರು ಮಾಡಿದವು. ಒಕ್ಕಲಿಗನಿಗೆ ಅದು ಜೀವದಾನವೆಂಬುದರಲ್ಲಿ ಸಂದೇಹವಿಲ್ಲ. ಜಿಂಕೆಗೆ ಮಾತ್ರ ಬೇಕಾಗಿದ್ದುದು ಬಯಲು. ವನ್ಯಜೀವಿಗಳನ್ನು ರಕ್ಷಿಸುವ ಕಾಯಿದೆಯು ದೇಶದಲ್ಲಿ ಜಾರಿಗೆ ಬಂದುದೂ 1972ರಲ್ಲಿಯೇ ಎಂಬುದು ವಿಚಿತ್ರವಾದ ಯೋಗಾಯೋಗ. ಚಿಂಕಾರಕ್ಕೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ 96 ಚದರ ಕಿಲೋಮೀಟರುಗಳಷ್ಟು ಆಶ್ರಯವು ದೊರೆಯುವಾಗ ಇಸವಿ 2016 ಆಗಿತ್ತು.

ನವಿಲು ರಾಷ್ಟ್ರಪಕ್ಷಿಯಾದುದು 1963ರಲ್ಲಿ. ಕಣಿವೆಯ ಹೆಸರು ಅದಕ್ಕಿಂತ ಬಹಳ ಹಳೆಯದು. ಹಿಂದೆ ಬೇಸಗೆಯಲ್ಲಿ ದನಗಾಹಿಗಳು ಮಡುವಿನ ಅಂಚಿನ ಹಸಿಮಣ್ಣಿನಲ್ಲಿ ಮೂಡಿದ ಹೆಜ್ಜೆಗಳನ್ನು ನೋಡಿ, ರಾತ್ರಿ ಯಾವ ಪ್ರಾಣಿಯು ನೀರಿಗೆ ಬಂದಿತ್ತೆಂದು ಹೇಳಬಹುದಾಗಿತ್ತು. ಈಗ ಅಲ್ಲಿ ಓದತಕ್ಕ ಗುರುತು ಗೋಡೆಯ ಅಳತೆಗೆರೆ. ಜಲಾಶಯವು ತುಂಬಿದಾಗ ಅದು 2079.50 ಅಡಿಗಳನ್ನು ತೋರಿಸುವುದು.