ನೂಲಿನಂತೆ ಸೂಜಿ

ಹಬ್ಬ ಎದುರಿಗಿರುವಾಗಲೇ ಹೊಲಿಗೆ ಯಂತ್ರ ಹಟ ಹಿಡಿಯುತ್ತದೆ. ಹೊಲಿಗೆ ತಪ್ಪುತ್ತದೆ, ದಾರ ತುಂಡಾಗುತ್ತದೆ, ರೇಷ್ಮೆ ರವಿಕೆಯ ಅಂಚು ಸುಕ್ಕುಗಟ್ಟುತ್ತದೆ. ಬೈಗುಳವೆಲ್ಲ ಯಂತ್ರಕ್ಕೆ. ಆದರೆ ಅನೇಕ ಸಲ ತಪ್ಪಿರುವುದು ಬಟ್ಟೆಗೆ ಹೊಂದದ ಸೂಜಿಯಲ್ಲಿ ಅಥವಾ ಸೂಜಿಗೆ ಹೊಂದದ ದಾರದಲ್ಲಿ. ಈ ಹೊಂದಾಣಿಕೆಯ ಹಿಂದೆ ಸುಮಾರು ಎರಡು ಶತಮಾನಗಳ ಕಥೆಯಿದೆ.

ಕೈಹೊಲಿಗೆಯಲ್ಲಿ ಬಟ್ಟೆ ದಪ್ಪವೋ ತೆಳುವೋ ಎಂಬುದನ್ನು ಬೆರಳೇ ಅರಿತು ದಾರ ಎಳೆಯುತ್ತದೆ. ಯಂತ್ರಕ್ಕೆ ಆ ಬೆರಳಿಲ್ಲ. 1830ರಲ್ಲಿ ಫ್ರಾನ್ಸಿನ ದರ್ಜಿ ತಿಮೋನಿಯೇ ಕೊಕ್ಕೆ ಸೂಜಿಯ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಸೈನಿಕರ ಸಮವಸ್ತ್ರ ಹೊಲಿಯತೊಡಗಿದಾಗ, ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಪ್ಯಾರಿಸ್ಸಿನ ದರ್ಜಿಗಳು ಯಂತ್ರಗಳನ್ನೇ ಪುಡಿಗಟ್ಟಿದರು. ಅದೇ ದಶಕದಲ್ಲಿ ಅಮೆರಿಕದ ವಾಲ್ಟರ್ ಹಂಟ್, ಹಿಂಬದಿಯಲ್ಲಿದ್ದ ಸೂಜಿಯ ಕಣ್ಣನ್ನು ಮೊನೆಯ ಬಳಿಗೆ ತಂದ. ಆದರೆ ಪೇಟೆಂಟ್ ಪಡೆಯಲಿಲ್ಲ. ಹೊಲಿದು ಬದುಕುವ ಹೆಂಗಸರ ಗತಿಯೇನೆಂದು ಮಗಳು ತಡೆದಳೆಂಬ ಕಥೆಯಿದೆ. ಅಂಥ ಸೂಜಿಯ ಯಂತ್ರಕ್ಕೆ 1846ರಲ್ಲಿ ಪೇಟೆಂಟ್ ಪಡೆದವನು ಎಲಿಯಾಸ್ ಹೋವ್. ನೇರ ಸೂಜಿ ಮೇಲಿನಿಂದ ಕೆಳಗಿಳಿಯುವ ಯಂತ್ರವನ್ನು 1851ರಲ್ಲಿ ಐಸಾಕ್ ಸಿಂಗರ್ ತಂದ.

ಸೂಜಿ ಬಟ್ಟೆ ದಾಟಿ ತುಸು ಮೇಲೇಳುವಾಗ ದಾರ ಕುಣಿಕೆಯಾಗುತ್ತದೆ. ಕೆಳಗಿನ ಷಟಲ್ ಆ ಕುಣಿಕೆಯನ್ನು ಹಿಡಿದು ಬಾಬಿನ್ ದಾರದೊಡನೆ ಬೆಸೆಯುತ್ತದೆ. ಸೂಜಿಯ ಮೈಮೇಲಿನ ಉದ್ದನೆಯ ಗೀರು ದಾರ ಅಡಗುವ ಜಾಗ. ದಾರ ಅದಕ್ಕಿಂತ ದಪ್ಪವಾದರೆ ಉಜ್ಜಿ ಎಳೆ ಬಿಡುತ್ತದೆ. ತೀರ ತೆಳುವಾದರೆ ಕುಣಿಕೆ ನಿಲ್ಲದೆ ಹೊಲಿಗೆ ತಪ್ಪುತ್ತದೆ.

ಹೀಗಾಗಿ ಯಂತ್ರ ಬಂದ ಮೇಲೆ ದಾರವೂ ಬದಲಾಗಬೇಕಾಯಿತು. ಕೈಹೊಲಿಗೆಯ ಹತ್ತಿ ದಾರ ಯಂತ್ರದ ವೇಗಕ್ಕೆ ಒರಟಾಯಿತು. ಸ್ಕಾಟ್ಲೆಂಡಿನ ಪೇಸ್ಲಿಯ ಕ್ಲಾರ್ಕ್ ಮನೆತನದ ಜಾರ್ಜ್ ಕ್ಲಾರ್ಕ್ 1860ರ ದಶಕದಲ್ಲಿ ಅಮೆರಿಕದಲ್ಲಿ ಆರೆಳೆಯ ನಯವಾದ ಹತ್ತಿ ದಾರವನ್ನು ಮಾರುಕಟ್ಟೆಗೆ ತಂದ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆಯನ್ನು ರೂಪಿಸಿದ ಮೇಲೆ ಹತ್ತಿ ದಾರಕ್ಕಿಂತ ಗಟ್ಟಿಯಾದ ದಾರಕ್ಕೆ ದಾರಿಯಾಯಿತು.

ಬೆರಳಿನ ಅರಿವು ಈಗ ಅಂಕಿಗಳಲ್ಲಿದೆ. ಸೂಜಿಯ ಪೊಟ್ಟಣದ ಮೇಲೆ 90/14 ಎಂದಿದ್ದರೆ, ಸೂಜಿಯ ದಪ್ಪ 0.9 ಮಿ.ಮೀ. ಎಂದರ್ಥ. 14 ಅದರದೇ ಇನ್ನೊಂದು ಕ್ರಮದ ಸಂಖ್ಯೆ. ತೆಳು ರೇಷ್ಮೆ, ವಾಯಿಲ್‌ಗೆ 9 ಅಥವಾ 11, ಸಾಧಾರಣ ಹತ್ತಿ ಬಟ್ಟೆಗೆ 12 ಅಥವಾ 14, ಜೀನ್ಸ್, ಕ್ಯಾನ್‌ವಾಸ್‌ಗೆ 16 ಅಥವಾ 18 ಹೊಂದುತ್ತದೆ. ಸೂಜಿಯ ಸಂಖ್ಯೆ ಏರಿದಷ್ಟೂ ದಪ್ಪ ಹೆಚ್ಚು. ಹತ್ತಿ ದಾರದ ಲೆಕ್ಕ ತಿರುಗಾಮುರುಗಾ. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಎಂಬುದೇ ನೂಲಿನ ಕೌಂಟ್. ಎಳೆ ತೆಳುವಾದಷ್ಟೂ ಲಡಿ ಹೆಚ್ಚುವುದರಿಂದ ಸಂಖ್ಯೆಯೂ ಏರುತ್ತದೆ.

ಮೊನೆಯಲ್ಲೂ ಭೇದವಿದೆ. ಬನಿಯನ್, ಟೀ ಶರ್ಟ್‌ಗಳ ಬಟ್ಟೆ ಕುಣಿಕೆಗಳ ಹೆಣಿಗೆ. ಚೂಪು ಮೊನೆ ಕುಣಿಕೆಯನ್ನು ಕತ್ತರಿಸಿದರೆ ತೂತು ಬೆಳೆಯುತ್ತದೆ. ಅದಕ್ಕೇ ಎಳೆಗಳನ್ನು ಪಕ್ಕಕ್ಕೆ ಸರಿಸುವ ದುಂಡು ಮೊನೆಯ ಸೂಜಿ ಬೇಕು. ಚರ್ಮಕ್ಕಾದರೋ ಕೊಯ್ದು ದಾರಿ ಮಾಡುವ ಉಳಿಯಂಥ ಮೊನೆಯೇ ಸರಿ.

ದಾರ ಗಟ್ಟಿಯಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೆತ್ತನೆಯ ಬಟ್ಟೆಗೆ ಬಲವಾದ ದಾರ ಹಾಕಿದರೆ, ಎಳೆತ ಬಿದ್ದಾಗ ಹೊಲಿಗೆ ಬಿಚ್ಚುವ ಬದಲು ಬಟ್ಟೆಯೇ ಹರಿಯುತ್ತದೆ. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಬಹುದು. ಹರಿದ ರೇಷ್ಮೆಗೆ ಆ ಭಾಗ್ಯವಿಲ್ಲ. ದಪ್ಪ ಸೂಜಿ ಮಾಡಿದ ತೂತು ಕೂಡ ರೇಷ್ಮೆಯಲ್ಲಿ ಸುಲಭವಾಗಿ ಮಾಸುವುದಿಲ್ಲ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವುದು ನೇಯ್ಗೆಯ ಮಗ್ಗಕ್ಕೆ ಸಂದ ಮಾತು. ಹೊಲಿಗೆಯ ಮಣೆಗೆ ಅದು ತಿರುವುಮುರುವು: ಸೀರೆಯಂತೆ ನೂಲು, ನೂಲಿನಂತೆ ಸೂಜಿ.