ನಾಲ್ಕು ಇಂಚಿನ ಲೆಕ್ಕ: ಹಳೆಯ ಜೀಪು, ದೊಡ್ಡ ಟೈರು

1940ರಲ್ಲಿ ಅಂಟಾರ್ಕ್ಟಿಕಾದ ಹಿಮದ ಮೇಲೆ ಅಮೆರಿಕದ ಒಂದು ವಾಹನ 92 ಮೈಲಿ ಪ್ರಯಾಣ ಮಾಡಿತು. ಅದರ ಅತಿ ದೀರ್ಘ ಪ್ರಯಾಣ ಅದೇ. ಅಷ್ಟೂ ದೂರವನ್ನು ಅದು ಕ್ರಮಿಸಿದ್ದು ಹಿಂದುಹಿಂದಕ್ಕೆ ಚಲಿಸುತ್ತ.

ಅದರ ಹೆಸರು ಸ್ನೋ ಕ್ರೂಸರ್. ವಿಜ್ಞಾನಿ ಥಾಮಸ್ ಪೌಲ್ಟರ್ ನೇತೃತ್ವದಲ್ಲಿ ಶಿಕಾಗೊದಲ್ಲಿ ತಯಾರಾದ ಆ ವಾಹನ ಸುಮಾರು 55 ಅಡಿ ಉದ್ದವಿತ್ತು, 30 ಟನ್ನಿಗೂ ಮೀರಿದ ತೂಕವಿತ್ತು. ಒಂದೊಂದು ಟೈರೂ 10 ಅಡಿ ಎತ್ತರ. 1939ರ ಅಕ್ಟೋಬರಿನಲ್ಲಿ ಅದು ಶಿಕಾಗೊದಿಂದ ಬಾಸ್ಟನ್ ಬಂದರಿಗೆ ರಸ್ತೆಯಲ್ಲೇ ಹೊರಟಾಗ ದಾರಿಯುದ್ದಕ್ಕೂ ಜನ ನೆರೆದು ನೋಡಿದರು. ಅಂಟಾರ್ಕ್ಟಿಕಾದಲ್ಲಿ ಹಡಗಿನಿಂದ ಇಳಿದ ಮೇಲೆ ಕಥೆ ಬದಲಾಯಿತು. ಟೈರುಗಳ ಮೈ ಹೆಚ್ಚುಕಡಿಮೆ ನುಣುಪಾಗಿತ್ತು. ಹಿಮವನ್ನು ಕಚ್ಚಿ ಹಿಡಿಯುವ ಹಲ್ಲುಗಳಿರಲಿಲ್ಲ. ಗಾಲಿಗಳು ಇದ್ದಲ್ಲೇ ತಿರುಗಿ ಹಿಮದಲ್ಲಿ ಹೂತುಕೊಂಡವು. ಜೊತೆಗೆ ತಂದಿದ್ದ ಎರಡು ಹೆಚ್ಚುವರಿ ಟೈರುಗಳನ್ನು ಮುಂದಿನ ಗಾಲಿಗಳಿಗೆ ಜೋಡಿಸಿದರು, ಹಿಂದಿನ ಗಾಲಿಗಳಿಗೆ ಸರಪಳಿ ಸುತ್ತಿದರು. ಆಗಲೂ ಅದು ನೆಟ್ಟಗೆ ಸಾಗಿದ್ದು ಹಿಂದಕ್ಕೆ ಓಡಿಸಿದಾಗ ಮಾತ್ರ. ಕೊನೆಗೆ ಅದನ್ನು ಅಲ್ಲೇ ಬಿಟ್ಟು ಬಂದರು.

ಟೈರು ದೊಡ್ಡದಾದರೆ ಗಾಡಿ ಎಲ್ಲಿ ಬೇಕಾದರೂ ಹೋಗುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಅಜ್ಜನ ಕಾಲದ ಜೀಪನ್ನು ಶೆಡ್ಡಿನಿಂದ ಹೊರತೆಗೆದವರ ಮೊದಲ ಆಸೆಯೇ ಅದು. ಆದರೆ ಆ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂಬುದಕ್ಕೆ ಸ್ನೋ ಕ್ರೂಸರ್‌ಗಿಂತ ಹಿಂದೆಯೇ, ಬೇರೊಂದು ಮರುಭೂಮಿಯಲ್ಲಿ ಉತ್ತರ ಸಿಕ್ಕಿತ್ತು.

ಮರಳು ಕಲಿಸಿದ ಪಾಠ

ರಾಲ್ಫ್ ಬ್ಯಾಗ್ನಾಲ್ಡ್ ಬ್ರಿಟಿಷ್ ಸೈನ್ಯದ ಅಧಿಕಾರಿ. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಫೋರ್ಡ್ ಕಾರುಗಳಲ್ಲಿ ಮರುಭೂಮಿಗೆ ಹೊರಡುತ್ತಿದ್ದ. ಮೊದಲು ಮಾಡೆಲ್ ಟಿ, ಆಮೇಲೆ ಮಾಡೆಲ್ ಎ. ಎರಡೂ ಹಿಂದಿನ ಎರಡು ಗಾಲಿಗಳಿಂದಷ್ಟೇ ಓಡುವ ಸಾಮಾನ್ಯ ಕಾರುಗಳು. ಮೋಟಾರು ವಾಹನ ದಾಟಲಾರದು ಎಂದು ಜನ ಬಿಟ್ಟುಬಿಟ್ಟಿದ್ದ ಮರಳುದಿಬ್ಬಗಳನ್ನು ಆತ ದಾಟಿದ್ದು ಇವುಗಳಲ್ಲೇ.

ಆತನ ಉಪಾಯಗಳು ಸರಳವಾಗಿದ್ದವು. ಬೇಡದ ಭಾರವನ್ನು ಕಿತ್ತುಹಾಕುವುದು. ಟೈರಿನ ಗಾಳಿ ಇಳಿಸುವುದು. ಹೂತುಕೊಂಡಾಗ ಗಾಲಿಯ ಕೆಳಗೆ ಉಕ್ಕಿನ ಪಟ್ಟಿ ತಳ್ಳುವುದು. 1940ರಲ್ಲಿ ಆತ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾ ತುಕಡಿಯೂ ಇದೇ ವಿದ್ಯೆಯಿಂದ ಶತ್ರುಗಳ ಬೆನ್ನ ಹಿಂದೆ ನೂರಾರು ಮೈಲಿ ತಿರುಗಾಡಿತು. ಅದರ ಹೆಚ್ಚಿನ ಷೆವರ್ಲೆ ಟ್ರಕ್ಕುಗಳೂ ಫೋರ್‌ವೀಲ್ ಡ್ರೈವ್ ಆಗಿರಲಿಲ್ಲ. ಮರಳಿನ ಚಲನೆಯ ಬಗ್ಗೆ ಬ್ಯಾಗ್ನಾಲ್ಡ್ 1941ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಆ ಶಾಸ್ತ್ರದ ಮೂಲಗ್ರಂಥಗಳಲ್ಲೊಂದು.

ಗಾಳಿ ಇಳಿಸುವುದರ ಹಿಂದಿನ ಲೆಕ್ಕ ಇಷ್ಟೇ: ಟೈರಿನ ಮೇಲಿನ ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದರೆ, ಟೈರು ನೆಲವನ್ನು ಎಷ್ಟು ಅಗಲಕ್ಕೆ ಒತ್ತುತ್ತದೆ ಎಂಬ ಅಂದಾಜು ಸಿಗುತ್ತದೆ. ಒಂದು ಗಾಲಿಯ ಮೇಲೆ 500 ಕಿಲೋ, ಅಂದರೆ ಸುಮಾರು 1,100 ಪೌಂಡ್ ಭಾರವಿದೆ ಎನ್ನೋಣ. ಗಾಳಿ 30 ಪೌಂಡ್ ಇದ್ದರೆ ಅದು ಸುಮಾರು 37 ಚದರ ಇಂಚು ನೆಲದ ಮೇಲೆ ಕೂರುತ್ತದೆ. 15ಕ್ಕೆ ಇಳಿಸಿದರೆ 73 ಚದರ ಇಂಚು. ಟೈರಿನ ರಬ್ಬರೂ ಸ್ವಲ್ಪ ಭಾರ ಹೊರುವುದರಿಂದ ಇದು ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ದಿಕ್ಕು ಸರಿ. ಟೈರು ಬದಲಿಸದೆ, ಒಂದು ರೂಪಾಯಿಯೂ ಖರ್ಚಿಲ್ಲದೆ ಹೆಜ್ಜೆ ದುಪ್ಪಟ್ಟಾಯಿತು.

ನಮ್ಮ ಹಳ್ಳಿಗಳಿಗೆ ಈ ಸಂಗತಿ ಬೇರೆ ರೂಪದಲ್ಲಿ ಗೊತ್ತಿತ್ತು. ಕಬ್ಬಿಣದ ಹಳಿ ಹಾಕಿದ ಬಂಡಿ ಹಸಿ ಮಣ್ಣನ್ನು ಸೀಳಿಕೊಂಡು ಇಳಿಯುತ್ತದೆ. ಟೈರುಗಾಡಿ ಅದೇ ಮಣ್ಣಿನ ಮೇಲೆ ತೇಲಿದಂತೆ ಹೋಗುತ್ತದೆ. ಟೈರುಗಾಡಿ ಎಂಬ ಹೆಸರೇ ಹುಟ್ಟಿಕೊಳ್ಳುವಷ್ಟು ಆ ವ್ಯತ್ಯಾಸ ದೊಡ್ಡದಾಗಿತ್ತು.

28ರಿಂದ 32

ಎರಡನೇ ಮಹಾಯುದ್ಧದ ಜೀಪು 1941ರಿಂದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ತಯಾರಾಯಿತು. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. 60 ಅಶ್ವಶಕ್ತಿಯ ಎಂಜಿನ್, ಒಂದು ಟನ್ನಿನ ಆಸುಪಾಸಿನ ತೂಕ, 6.00-16 ಅಳತೆಯ ಟೈರು. ಆ ಸಂಖ್ಯೆಗಳನ್ನು ಓದುವುದು ಸುಲಭ: ಟೈರಿನ ಅಗಲ 6 ಇಂಚು, ರಿಮ್ಮಿನ ವ್ಯಾಸ 16 ಇಂಚು. ಆ ಕಾಲದ ಟೈರುಗಳ ಎತ್ತರ ಅಗಲದಷ್ಟೇ ಇರುತ್ತಿದ್ದುದರಿಂದ ಒಟ್ಟು ವ್ಯಾಸ ಸುಮಾರು 28 ಇಂಚು. ಸೈಕಲ್ ಟೈರಿನಂತೆ ಕಿರಿದಾಗಿ ಕಾಣುವ ಈ ಟೈರಿನಲ್ಲೇ ಆ ಜೀಪು ಯುದ್ಧ ಮುಗಿಸಿತು. ಅದೇ ವಂಶದ ಗಾಡಿಗಳನ್ನು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಮಹೀಂದ್ರ ಕಂಪನಿ ಮುಂಬೈಗೆ ಬಿಡಿಭಾಗಗಳಾಗಿ ತರಿಸಿ ಜೋಡಿಸತೊಡಗಿತು. ಮಲೆನಾಡಿನ, ಕೊಡಗಿನ ತೋಟಗಳಿಗೆ ಬಂದ ಜೀಪುಗಳು ಈ ಪರಂಪರೆಯವೇ. ಮಳೆಗಾಲದ ಕೆಸರಿಗೆ ಅಲ್ಲಿನವರು ಕಂಡುಕೊಂಡ ಉಪಾಯ ದೊಡ್ಡ ಟೈರಲ್ಲ, ಗಾಲಿಗೆ ಸರಪಳಿ.

ಈಗ ಆ 28 ಇಂಚಿನ ಜಾಗಕ್ಕೆ 32 ಇಂಚಿನ ಟೈರು ಹಾಕಿದರೆ ಏನಾಗುತ್ತದೆ?

ಲಾಭ ನಿಜವೇ. ಆಕ್ಸಲ್ ನೆಲದಿಂದ 2 ಇಂಚು ಮೇಲೇಳುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಆಕ್ಸಲ್ ಮೇಲೇಳುವುದಿಲ್ಲ. ಆಕ್ಸಲನ್ನು ಎತ್ತಲು ಟೈರೇ ಆಗಬೇಕು. ಕಲ್ಲು, ಕೊರಕಲು ಸುಲಭವಾಗಿ ದಾಟುತ್ತವೆ.

ಬೆಲೆಯೂ ಅಷ್ಟೇ ನಿಜ. ಗಾಲಿಯ ಸುತ್ತಳತೆ ಶೇಕಡಾ 14ರಷ್ಟು ಹೆಚ್ಚಿದ್ದರಿಂದ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 68ರ ಮೇಲೆ ಓಡುತ್ತಿರುತ್ತದೆ. ಯುದ್ಧಕಾಲದ ಜೀಪಿನ ಕ್ರೌನ್-ಪಿನಿಯನ್ ಅನುಪಾತ 4.88, ಹೊಸ ಟೈರಿನೊಂದಿಗೆ ಅದು 4.27 ಇದ್ದಂತೆ ವರ್ತಿಸುತ್ತದೆ. ಎಂಜಿನ್ ಅದೇ, ಏರು ಅದೇ, ಎಳೆಯುವ ಬಲ ಮಾತ್ರ ಕಡಿಮೆ. ಅತಿ ಮುಖ್ಯವಾದದ್ದು ಬ್ರೇಕು. ಡ್ರಮ್ಮು ಅದೇ 9 ಇಂಚಿನದು, ಅದು ತಡೆಯಬೇಕಾದ ಗಾಲಿ ಮಾತ್ರ ದೊಡ್ಡದು. ಪೆಡಲನ್ನು ಅಷ್ಟೇ ಬಲವಾಗಿ ತುಳಿದರೂ ನೆಲಕ್ಕೆ ತಲುಪುವ ತಡೆ ಎಂಟನೇ ಒಂದು ಪಾಲು ಕಡಿಮೆಯಾಗುತ್ತದೆ. ಬಯಲಿನಲ್ಲಿ ಇದು ಗೊತ್ತಾಗದಿರಬಹುದು. ಹಿಂದಿನ ಸೀಟಿನಲ್ಲಿ ಆರು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಗೊತ್ತಾಗುತ್ತದೆ.

ಆಮೇಲೆ ಒಂದರ ಹಿಂದೊಂದು. ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಅದನ್ನು ಕತ್ತರಿಸಬೇಕು. ಭಾರ ಹೆಚ್ಚಾಗಿ ಕಿಂಗ್‌ಪಿನ್ ಬೇರಿಂಗು ಸವೆಯುತ್ತದೆ, ಸ್ಟೀರಿಂಗ್ ಅದುರುತ್ತದೆ. ಗಾಲಿ ಕಲ್ಲಿನ ನಡುವೆ ಸಿಕ್ಕಿಕೊಂಡಾಗ ಆಕ್ಸಲ್ ಮುರಿಯುತ್ತದೆ. ಅಮೆರಿಕದ ಬಾಬ್ ಚಾಂಡ್ಲರ್ ಎಂಬಾತ 1970ರ ದಶಕದಲ್ಲಿ ತನ್ನ ಫೋರ್ಡ್ ಎಫ್-250 ಟ್ರಕ್ಕಿನೊಂದಿಗೆ ಇದೇ ಹಾದಿ ಹಿಡಿದ. ಭಾಗಗಳು ಮುರಿದಂತೆಲ್ಲ ಇನ್ನೂ ಗಟ್ಟಿಯಾದವನ್ನು, ಕೊನೆಗೆ ಸೈನ್ಯದ ಟ್ರಕ್ಕಿನ ಆಕ್ಸಲ್‌ಗಳನ್ನೇ ಹಾಕಿದ. ಗಟ್ಟಿ ಆಕ್ಸಲ್ ಬಂದ ಮೇಲೆ ಇನ್ನೂ ದೊಡ್ಡ ಟೈರು. ಕಾರುಗಳ ಮೇಲೆ ಹತ್ತಿ ಜಜ್ಜುವ ‘ಬಿಗ್‌ಫುಟ್’ ಹುಟ್ಟಿದ್ದು ಹೀಗೆ. ಅದು ಪ್ರದರ್ಶನದ ಗಾಡಿಯಾಯಿತು. ದಿನದ ಕೆಲಸದ ಗಾಡಿಯಾಗಿ ಉಳಿಯಲಿಲ್ಲ.

ಐಸ್‌ಲ್ಯಾಂಡಿನ ದಾರಿ

ದೊಡ್ಡ ಟೈರಿನಿಂದ ನಿಜವಾಗಿ ಕೆಲಸ ಮಾಡಿಸಿಕೊಂಡವರು ಐಸ್‌ಲ್ಯಾಂಡಿನವರು. ಆ ದ್ವೀಪದ ಒಳನಾಡಿನಲ್ಲಿ ಹಿಮನದಿಗಳು, ಸೇತುವೆಯಿಲ್ಲದ ಹೊಳೆಗಳು, ಚಳಿಗಾಲವಿಡೀ ಆಳವಾದ ಹಿಮ. 1980ರ ದಶಕದಿಂದ ಅಲ್ಲಿನ ಹವ್ಯಾಸಿಗಳು ಜೀಪುಗಳಿಗೆ 38 ಇಂಚಿನ, ಆಮೇಲೆ 44 ಇಂಚಿನ ಟೈರು ಹಾಕತೊಡಗಿದರು. ಆದರೆ ಎತ್ತರಕ್ಕಾಗಿಯಷ್ಟೇ ಅಲ್ಲ. ಗಾಳಿಯನ್ನು 3 ಪೌಂಡಿನಷ್ಟು ಕೆಳಗೆ ಇಳಿಸಿದರೂ ರಿಮ್ಮು ನೆಲಕ್ಕೆ ತಾಗದಂತೆ ಇರಬೇಕಾದರೆ ಟೈರಿಗೆ ಅಷ್ಟು ದೊಡ್ಡ ಹೊಟ್ಟೆ ಬೇಕು. ಅಂದರೆ ಅವರು ಕೊಂಡದ್ದು ರಬ್ಬರನ್ನಲ್ಲ, ಗಾಳಿ ಇಳಿಸುವ ಅವಕಾಶವನ್ನು. ಬ್ಯಾಗ್ನಾಲ್ಡನ ಉಪಾಯವನ್ನೇ ಅವರು ಹಿಮಕ್ಕೆ ಒಗ್ಗಿಸಿದರು. ಸ್ನೋ ಕ್ರೂಸರ್ ಹೂತುಕೊಂಡಂಥ ಹಿಮದ ಮೇಲೆ ಈ ಜೀಪುಗಳು ತೇಲಿದವು.

ಅವರು ಟೈರು ಬದಲಿಸಿ ಅಲ್ಲಿಗೇ ನಿಲ್ಲಿಸಲಿಲ್ಲ. ಗೇರ್ ಅನುಪಾತ ಬದಲಿಸಿದರು, ಅಗಲ ರಿಮ್ ಹಾಕಿದರು, ಸ್ಪೀಡೋಮೀಟರ್ ತಿದ್ದಿದರು. ಸರ್ಕಾರವೂ ಇದನ್ನು ಕದ್ದುಮುಚ್ಚಿ ನಡೆಯುವ ಕೆಲಸವಾಗಿ ಬಿಡದೆ, ಬದಲಾಯಿಸಿದ ಜೀಪುಗಳಿಗೆ ಪ್ರತ್ಯೇಕ ತಪಾಸಣೆ ತಂದಿತು. ಇನ್ನೊಂದೆಡೆ, ಹಿಮವಿಲ್ಲದಾಗ ರಸ್ತೆ ಬಿಟ್ಟು ಓಡಿಸುವುದನ್ನು ನಿಷೇಧಿಸಿತು. ಅಲ್ಲಿನ ಪಾಚಿ ಒಮ್ಮೆ ಕಿತ್ತುಹೋದರೆ ಮರಳಿ ಬೆಳೆಯಲು ದಶಕಗಳು ಬೇಕು. ಹಿಮದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ಸ್ವಯಂಸೇವಕರ ತಂಡಗಳು ಇಂದು ಬಳಸುವುದೂ ಇಂಥ ಜೀಪುಗಳನ್ನೇ.

ಭಾರತದ ದಾರಿ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪನ್ನು ರದ್ದುಪಡಿಸಿ ಇದನ್ನೇ ಎತ್ತಿಹಿಡಿಯಿತು. ಹಳೆಯ ಜೀಪಿನ ಪ್ರೇಮಿಗಳಿಗೆ ಇದು ಕಿರಿಕಿರಿ. ಹವ್ಯಾಸವನ್ನು ತಪಾಸಣೆಯ ಬೆಳಕಿಗೆ ತರುವ ಬದಲು ಬಾಗಿಲನ್ನೇ ಮುಚ್ಚಿದಂತಾಯಿತು ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಕೇಳುವ ವಾಹನವನ್ನಷ್ಟೇ ನೋಡದೆ ಎದುರಿನಿಂದ ಬರುವ ಬಸ್ಸನ್ನೂ ನೋಡಿದರೆ, ಕಾಯ್ದೆಯ ಅಂಜಿಕೆಗೂ ಕಾರಣವಿದೆ. ಆ ಎಂಟನೇ ಒಂದು ಪಾಲು ಬ್ರೇಕು ಮಾಲೀಕನೊಬ್ಬನ ಸ್ವಂತ ವಿಷಯವಲ್ಲ.

ಶೆಡ್ಡಿನ ಜೀಪಿಗೆ ಈ ಇತಿಹಾಸ ಕೊಡುವ ಸಲಹೆ ಒಂದೇ. ಮೊದಲು ಇರುವ ಟೈರಿನ ಗಾಳಿ ಇಳಿಸಿ ನೋಡುವುದು, ಬೇಡದ ಭಾರ ತೆಗೆಯುವುದು, ಕೆಸರು ದಾಟಿ ಟಾರು ರಸ್ತೆಗೆ ಬಂದ ಮೇಲೆ ಮರೆಯದೆ ಗಾಳಿ ತುಂಬಿಸುವುದು. ಸಾಲದಿದ್ದರೆ ಸರಪಳಿ ಇದ್ದೇ ಇದೆ.