ಬ್ಯಾಕ್ಟೀರಿಯೊಫೇಜ್ ಚಿಕಿತ್ಸೆಯ ಪೂರ್ವಕಥೆ

1896ನೆಯ ಇಸವಿಯಲ್ಲಿ, ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿಯು ಗಂಗಾ ಯಮುನೆಗಳ ನೀರಿಗೆ ಕಾಲರಾ ರೋಗಾಣುಗಳನ್ನು ಬೆರೆಸಿ, ಅವು ಕೆಲವೇ ಗಂಟೆಗಳಲ್ಲಿ ನಾಶವಾಗುವುದನ್ನೂ, ಅದೇ ನೀರನ್ನು ಕುದಿಸಿದ ಬಳಿಕ ಆ ನಾಶಕಶಕ್ತಿಯು ಉಳಿಯದಿರುವುದನ್ನೂ ಕಂಡು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಪಡಿಸಿದನು. ಆವಿಯಾಗಿ ಹೋಗುವ ಯಾವುದೋ ದ್ರವ್ಯವೇ ಇದಕ್ಕೆ ಕಾರಣವಿರಬೇಕೆಂದು ಆತನು ಊಹಿಸಿದನು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಈ ಪ್ರಸಂಗದಿಂದಲೇ ತೊಡಗುವರು.

1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟನು ಬ್ಯಾಕ್ಟೀರಿಯಾಗಳು ಕರಗಿ ನಾಶವಾಗುವ ವಿದ್ಯಮಾನವನ್ನು ವರ್ಣಿಸಿದನಾದರೂ, ಅದರ ಮರ್ಮವನ್ನು ಗ್ರಹಿಸಿ ಬ್ಯಾಕ್ಟೀರಿಯೊಫೇಜ್ (ಸಂಕ್ಷೇಪವಾಗಿ ಫೇಜ್) ಎಂಬ ಹೆಸರನ್ನಿತ್ತವನು, ಪಾಶ್ಚರ್ ಸಂಸ್ಥೆಯ ಫೆಲಿಕ್ಸ್ ಡೆರೆಲ್. ಆಮಶಂಕೆಯ ರೋಗಿಗಳ ಮಲವನ್ನು ಅತಿಸೂಕ್ಷ್ಮ ಶೋಧಕದಲ್ಲಿ ಸೋಸಿ, ಆ ದ್ರವವನ್ನು ರೋಗಾಣುಗಳೊಡನೆ ಬೆರೆಸಿ ಗಾಜಿನ ತಟ್ಟೆಯ ಮೇಲೆ ಬೆಳೆಯಬಿಟ್ಟಾಗ, ಮಬ್ಬಾದ ಪದರದ ನಡುವೆ ಅಲ್ಲಲ್ಲಿ ನಿರ್ಮಲವಾದ ದುಂಡು ಚುಕ್ಕೆಗಳು ಮೂಡಿದುವು; ಒಂದೊಂದು ಚುಕ್ಕೆಯೂ ಕಣ್ಣಿಗೆ ಕಾಣದ ಪರೋಪಜೀವಿಯೊಂದು ತನ್ನ ಸಂತತಿಯನ್ನು ಬೆಳೆಸಿ ರೋಗಾಣುಗಳನ್ನು ಕರಗಿಸಿದ ತಾಣವೆಂದು ಆತನು 1917ರಲ್ಲಿ ಸಾರಿದನು. 1919ರಲ್ಲಿ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ, ಡೆರೆಲನೂ ಅಲ್ಲಿನ ವೈದ್ಯರೂ ಆ ದ್ರವವನ್ನು ಮೊದಲು ತಾವೇ ಕುಡಿದು, ಅಪಾಯವಿಲ್ಲವೆಂಬುದನ್ನು ಮನಗಂಡ ಮೇಲೆಯೇ, ಆಮಶಂಕೆಯಿಂದ ನರಳುತ್ತಿದ್ದ ಹನ್ನೆರಡು ವರ್ಷದ ಬಾಲಕನಿಗೆ ಅದನ್ನು ಕೊಟ್ಟರು; ಬಾಲಕನು ಚೇತರಿಸಿಕೊಂಡನು.

1927ರಲ್ಲಿ ಭಾರತಕ್ಕೆ ಬಂದ ಡೆರೆಲನು ಕಾಲರಾ ರೋಗಿಗಳ ಮೇಲೆ ಫೇಜನ್ನು ಪ್ರಯೋಗಿಸಿದನು. ಅನಂತರದ ವರ್ಷಗಳಲ್ಲಿ ಅಸ್ಸಾಮಿನ ನೌಗಾಂಗ್ ಪ್ರಾಂತದಲ್ಲಿ ಅದನ್ನು ಹಳ್ಳಿಹಳ್ಳಿಗೆ ಹಂಚಲಾಯಿತು. ಅಲ್ಲಿ ಕಾಲರಾ ಇಳಿಮುಖವಾದರೂ, ಅದು ಫೇಜಿನ ಫಲವೇ ಎಂಬುದನ್ನು ನಿಸ್ಸಂದಿಗ್ಧವಾಗಿ ತೋರಿಸಲಾಗಲಿಲ್ಲ.

ಈ ಚಿಕಿತ್ಸೆಯು ಹಿಂದೆ ಬಿದ್ದುದಕ್ಕೆ ಅರಿವಿಗಿಂತ ಆತುರವು ಮುಂದೋಡಿದುದೇ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ. ಒಂದೊಂದು ಫೇಜೂ ಸಾಮಾನ್ಯವಾಗಿ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು, ಅನೇಕ ವೇಳೆ ಆ ಜಾತಿಯಲ್ಲಿಯೂ ಕೆಲವೇ ತಳಿಗಳನ್ನು, ಮಾತ್ರ ಕೊಲ್ಲಬಲ್ಲುದು. ಆದರೂ ತಯಾರಕರು ಅದನ್ನು ಬಗೆಬಗೆಯ ರೋಗಗಳಿಗೆ ಮದ್ದೆಂದು ಮಾರಿದರು. ಫಲಿತಾಂಶಗಳು ಪರಸ್ಪರ ವಿರುದ್ಧವಾಗಿ ಬಂದುವು. ಅಷ್ಟರಲ್ಲಿ ಪೆನಿಸಿಲಿನ್ ಬಂದು ಎಲ್ಲರ ಗಮನವನ್ನೂ ಸೆಳೆಯಿತು. ಜಾರ್ಜಿಯಾದ ಟ್ಬಿಲಿಸಿಯಲ್ಲಿ ಫೇಜ್ ಸಂಶೋಧನೆಯ ಸಂಸ್ಥೆಯನ್ನು ಕಟ್ಟಿದ ಜಾರ್ಜ್ ಎಲಿಯಾವನು 1937ರಲ್ಲಿ ಸ್ಟಾಲಿನ್ ಆಡಳಿತದ ಗುಂಡಿಗೆ ಬಲಿಯಾದನಾದರೂ, ಆ ಸಂಸ್ಥೆಯು ಈ ವಿದ್ಯೆಯನ್ನು ಕೈಬಿಡದೆ ಉಳಿಸಿಕೊಂಡು ಬಂದಿತು.

ಇಂದು ಆ ವಿದ್ಯೆಗೆ ಜೀನುಗಳ ಜ್ಞಾನವು ಕೂಡಿಕೊಂಡಿದೆ. 2018ರಲ್ಲಿ, ಶ್ವಾಸಕೋಶದ ಕಸಿಯಾದ ಬಳಿಕ ಯಾವ ಪ್ರತಿಜೀವಕಕ್ಕೂ ಮಣಿಯದ ಮೈಕೊಬ್ಯಾಕ್ಟೀರಿಯಮ್ ಸೋಂಕು ದೇಹದಲ್ಲಿ ಹರಡಿ, ಲಂಡನ್ನಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಬಾಲೆಯೊಬ್ಬಳಿಗೆ, ಅಮೆರಿಕೆಯ ಪಿಟ್ಸ್‌ಬರ್ಗಿನ ಗ್ರಹಾಮ್ ಹ್ಯಾಟ್‌ಫುಲ್ ಅವರ ಪ್ರಯೋಗಶಾಲೆಯು ಮೂರು ಫೇಜುಗಳನ್ನು ಒದಗಿಸಿತು. ಒಂದು, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಕೊಳೆತ ಬದನೆಕಾಯಿಯೊಂದರ ಅಡಿಯಲ್ಲಿ ದೊರೆತದ್ದು. ಉಳಿದೆರಡು, ಬ್ಯಾಕ್ಟೀರಿಯಾವನ್ನು ಹೊಕ್ಕರೂ ಕೊಲ್ಲದೆ ಅದರ ಜೀನುಗಳ ನಡುವೆ ಸುಪ್ತವಾಗಿ ಉಳಿಯಬಲ್ಲ ಸ್ವಭಾವದವು. ಆ ಸುಪ್ತಾವಸ್ಥೆಯನ್ನು ಕಾಯುವ ಜೀನನ್ನು ತೆಗೆದುಹಾಕಿ, ಹೊಕ್ಕೊಡನೆ ಕೊಲ್ಲುವಂತೆ ಅವನ್ನು ತಿದ್ದಲಾಯಿತು. ಸೋಂಕು ನಿರ್ಮೂಲವಾಗದಿದ್ದರೂ ಬಾಲೆಯ ವ್ರಣಗಳು ಮಾಯತೊಡಗಿ, ಆಕೆ ಮನೆಗೆ ಮರಳಿದಳು. ಜೀನುಗಳನ್ನು ತಿದ್ದಿದ ಫೇಜುಗಳು ಮನುಷ್ಯ ಚಿಕಿತ್ಸೆಯಲ್ಲಿ ಬಳಕೆಯಾದುದು ಅದೇ ಮೊದಲು.

ಆದರೆ ಫೇಜಿಗೂ ಎದುರುನಿಲ್ಲಲು ಬ್ಯಾಕ್ಟೀರಿಯಾಗಳು ಬಲ್ಲವು. ರೋಗಿಯ ದೇಹದಲ್ಲಿರುವ ತಳಿಗೆ ತಕ್ಕ ಫೇಜನ್ನು ಹುಡುಕುವ ಶ್ರಮವೂ ಅಲ್ಪವಲ್ಲ. ಹಿಂದೆ ಫೇಜನ್ನು ಕೆಡಿಸಿದ ಆತುರವೇ ಇಂದು ಪ್ರತಿಜೀವಕಗಳನ್ನೂ ಮೊಂಡಾಗಿಸುತ್ತಿದೆ. ಹೊಸ ಚಿಕಿತ್ಸೆಯನ್ನು ಸಂಶೋಧಕರು ಸಾವಧಾನದಿಂದ ಪರೀಕ್ಷಿಸಿ ಬೆಳೆಸಲಿ. ವೈದ್ಯರ ಸಲಹೆಯಿಲ್ಲದೆ ಔಷಧದಂಗಡಿಯಿಂದ ಪ್ರತಿಜೀವಕಗಳನ್ನು ಕೊಂಡು ನುಂಗುವ ಅಭ್ಯಾಸವನ್ನು ನಾವು ಇಂದೇ ತ್ಯಜಿಸೋಣ.